ಹೆಡರ್ ಕಡತಗಳ ಶುದ್ಧೀಕರಣವನ್ನು ಕುರಿತು ನಮ್ಮ ಸೀಮೆಯ ತರುಣರಿಗೆ ಒಂದು ಬಹಿರಂಗ ಪತ್ರ

ಹುಂಚ, ಹೊಸನಗರ ತಾಲ್ಲೂಕು

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಗಳಿಂದ ಹೊರಟು ಬೆಂಗಳೂರಿನಲ್ಲಿಯೂ ದೇಶಾಂತರಗಳಲ್ಲಿಯೂ ಸಿ ಭಾಷೆಯ ಸಿಸ್ಟಂ ತಂತ್ರಾಂಶಗಳಲ್ಲಿ ದುಡಿಯುತ್ತಿರುವ, ಹಾಗೂ ಊರಿನಲ್ಲಿಯೇ ಉಳಿದು ಅದೇ ವೃತ್ತಿಯನ್ನು ಮನೆಯಿಂದ ನಡೆಸುತ್ತಿರುವ ಪ್ರಿಯ ತಮ್ಮಂದಿರೇ, ತಂಗಿಯರೇ,



ರಜೆಗೆಂದು ನೀವು ಊರಿಗೆ ಬಂದಾಗ ಆಡುವ ಮಾತುಗಳ ನಡುವೆ ಪದೇ ಪದೇ ನನ್ನ ಕಿವಿಗೆ ಬಿದ್ದಿರುವ ಒಂದು ಅಸಮಾಧಾನವೇ ಈ ಪತ್ರಕ್ಕೆ ಕಾರಣ. ಹೊಸ ಫಂಕ್ಷನ್ನೊಂದನ್ನು ಬರೆದವರಿಗೆ ದೊರೆಯುವ ಮನ್ನಣೆಯಾಗಲಿ, ಹಳೆಯದೊಂದರ ವೇಗವನ್ನು ಹೆಚ್ಚಿಸಿದವರಿಗೆ ದೊರೆಯುವ ಶ್ಲಾಘನೆಯಾಗಲಿ, ಹೆಡರ್ ಕಡತಗಳನ್ನೂ ಮೇಕ್‌ಫೈಲುಗಳನ್ನೂ ಶುಚಿಗೊಳಿಸಿದವರಿಗೆ ದೊರೆಯುವುದಿಲ್ಲವೆಂದೂ, ಆ ಕೆಲಸವನ್ನು ಹೊಸದಾಗಿ ಸೇರಿದವರ ಕೈಗೆ, ಬೇರೇನೂ ಇಲ್ಲದಿದ್ದಾಗ ಹೊತ್ತುಕಳೆಯಲೆಂಬಂತೆ ಒಪ್ಪಿಸುತ್ತಾರೆಂದೂ, ವರ್ಷಾಂತ್ಯದ ಅಪ್ರೈಸಲ್ಲಿನಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲವೆಂದೂ ನೀವು ಹೇಳುವಿರಿ. ನೀವು ಹೇಳುವುದು ನಿಜ. ಆದರೆ ಅದನ್ನು ಕೇಳಿ ನಿಮ್ಮಲ್ಲಿ ಕೆಲವರು ಆ ಕೆಲಸವನ್ನೇ ಕೀಳೆಂದು ಬಗೆದು ಅದರಿಂದ ದೂರ ಸರಿಯುತ್ತಿರುವುದನ್ನು ಕಂಡು ನನಗೆ ವ್ಯಥೆಯಾಗುತ್ತಿದೆ. ನನ್ನ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾದುದು. ಒಂದು ಸಿ ಲೈಬ್ರರಿಯ ಹೆಡರುಗಳನ್ನು ಶುಚಿಯಾಗಿಡುವುದೆಂದರೆ, ನಾವೆಂದೂ ಕಾಣದ ಜನರಿಗೆ ಹಿಂದಿನವರು ಕೊಟ್ಟ ಮಾತನ್ನು ನಡೆಸಿಕೊಡುವುದು. ಅದನ್ನು ಅಲ್ಪಾಲ್ಪವಾಗಿ, ಪ್ರಮಾಣಸಹಿತವಾಗಿ, ನಿಮ್ಮ ಕಚೇರಿಯ ಪ್ರತಿಯಲ್ಲಲ್ಲದೆ ಮೂಲದಲ್ಲಿಯೇ ಮಾಡಬೇಕೆಂಬುದು ನನ್ನ ಪ್ರಾರ್ಥನೆ.

ನಿಮಗೆ ಚೆನ್ನಾಗಿ ತಿಳಿದ ಸಂಗತಿಗಳನ್ನೇ ಕೆಲವೆಡೆ ವಿವರಿಸುತ್ತಿರುವೆನಾದರೆ, ಅದು ನಿಮ್ಮ ಮನೆಯ ಹಿರಿಯರೂ ಈ ಪತ್ರವನ್ನು ಓದಿ, ಮಕ್ಕಳು ಹಗಲಿರುಳು ಯಾವುದರ ಮುಂದೆ ಕುಳಿತಿರುವರೆಂಬುದನ್ನು ಅರಿಯಲೆಂಬ ಆಶೆಯಿಂದ. ಗಣಕದ ಯಂತ್ರಭಾಗವನ್ನು ಆಳುವ ಕರ್ನೆಲ್ಲಿಗೂ ಅದರ ಮೇಲೆ ನಡೆಯುವ ಸಮಸ್ತ ಪ್ರೋಗ್ರಾಮುಗಳಿಗೂ ನಡುವೆ ನಿಂತು, ಕಡತವನ್ನು ತೆರೆ, ಅಕ್ಷರಗಳನ್ನು ಎಣಿಸು, ಕಾಲವೆಷ್ಟಾಯಿತೆಂದು ಹೇಳು, ಇಷ್ಟು ಜಾಗವನ್ನು ಕೊಡು ಎಂಬ ನಿತ್ಯದ ಬೇಡಿಕೆಗಳನ್ನೆಲ್ಲ ಪೂರೈಸುವುದು ಸಿ ಲೈಬ್ರರಿ. ಲಿನಕ್ಸ್ ಯಂತ್ರಗಳ ಬಹುಭಾಗದಲ್ಲಿ ಈ ಸ್ಥಾನದಲ್ಲಿರುವುದು ಗ್ನು ಸಿ ಲೈಬ್ರರಿ, ನೀವು ಜಿಲಿಬ್‌ಸಿ ಎಂದು ಕರೆಯುವುದು. 1980ರ ದಶಕದ ಉತ್ತರಾರ್ಧದಲ್ಲಿ ರೋಲಂಡ್ ಮ್ಯಾಕ್‌ಗ್ರಾತ್ ಎಂಬ ತರುಣನು ಆರಂಭಿಸಿದ ಈ ಲೈಬ್ರರಿಯ 2.0 ಆವೃತ್ತಿಯು 1997ರಲ್ಲಿ ಹೊರಬಂದಿತು. ಆಗ ಅದನ್ನು ನೆಚ್ಚಿ ಸಿದ್ಧಪಡಿಸಿದ ಪ್ರೋಗ್ರಾಮಿಗಾಗಿ ಆ ಕಾಲದ ಹೆಸರುಗಳನ್ನೂ ಅವುಗಳ ಆವೃತ್ತಿಗುರುತುಗಳನ್ನೂ ಈ ಹೊತ್ತಿಗೂ ಅದರೊಳಗೆ ಉಳಿಸಿಕೊಂಡು ಬರಲಾಗಿದೆ. ಆ ಲೈಬ್ರರಿಯು ಹೊರಜಗತ್ತಿಗೆ ಏನೇನನ್ನು ಕೊಡುತ್ತದೆ, ಯಾವ ಹೆಸರಿನಲ್ಲಿ, ಯಾವ ಆಕಾರದಲ್ಲಿ ಎಂಬುದನ್ನು ಸಾರುವ ಕಡತಗಳೇ ಹೆಡರುಗಳು. ಯಾವ ಕಡತದಿಂದ ಯಾವುದನ್ನು, ಯಾವ ಕ್ರಮದಲ್ಲಿ, ಯಾವ ಸೂಚನೆಗಳೊಡನೆ ಕಟ್ಟಬೇಕೆಂದು ಹೇಳುವವು ಮೇಕ್‌ಫೈಲುಗಳು.

ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಹೆಡರಿನ ಮಹತ್ತ್ವವನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ಸಾಂತರರು ಆಳಿದ, ಹಿಂದೆ ಪೊಂಬುಚ್ಚವೆನಿಸಿದ್ದ ಈ ಹುಂಚದಲ್ಲಿ, ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯ ಆವರಣದಲ್ಲಿಯೂ ಸುತ್ತಣ ಬಸದಿಗಳಲ್ಲಿಯೂ ನಿಂತಿರುವ ಶಾಸನಗಳನ್ನು ನೀವೆಲ್ಲರೂ ಬಾಲ್ಯದಿಂದ ಕಂಡಿರುವಿರಿ, ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ ಅವುಗಳ ಪಾಠವೂ ಉಂಟು. ದಾನಶಾಸನವೊಂದು ದಾನವಾಗಿ ಕೊಟ್ಟ ನೆಲವನ್ನು ಉಳುವ ಬಗೆಯನ್ನು ಹೇಳುವುದಿಲ್ಲ. ಕೊಟ್ಟವರಾರು, ಪಡೆದವರಾರು, ಎಲ್ಲೆಗಳಾವುವು ಎಂಬುದನ್ನು ಮಾತ್ರ ಹೇಳಿ, ಆ ಎಲ್ಲೆಯನ್ನು ಮೀರಬಾರದೆಂದು ಮುಂದೆ ಬರುವವರನ್ನು ಬೇಡಿಕೊಳ್ಳುತ್ತದೆ, ಬೆದರಿಸುತ್ತದೆ. ಹೆಡರು ಮಾಡುವ ಕೆಲಸವೂ ಇದೇ. ಒಳಗಿನ ಬರವಣಿಗೆಯನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಎಲ್ಲೆಯನ್ನು ಸಾರುವ ಕಡತವನ್ನು ಮುಟ್ಟುವವನು ಮಾತ್ರ ಆ ಎಲ್ಲೆಯೊಳಗೆ ಬದುಕುತ್ತಿರುವವರೆಲ್ಲರನ್ನೂ ನೆನೆದೇ ಮುಟ್ಟತಕ್ಕದ್ದು.

ಕನ್ನಡಕ್ಕೂ ಈ ವಿಷಯಕ್ಕೂ ಇರುವ ಸಂಬಂಧವು ಅನೇಕರು ತಿಳಿದಿರುವುದಕ್ಕಿಂತ ಹತ್ತಿರದ್ದು. ಜಿಲಿಬ್‌ಸಿಯ ಮೂಲದಲ್ಲಿ ಲೊಕೇಲ್‌ಡೇಟಾ ಎಂಬ ಡೈರೆಕ್ಟರಿಯೊಂದಿದೆ. ಅದರಲ್ಲಿ ಸಪೋರ್ಟೆಡ್ ಎಂಬ ಹೆಸರಿನ, ಮೇಕ್‌ಫೈಲು ತನ್ನೊಳಕ್ಕೆ ಸೇರಿಸಿಕೊಳ್ಳುವ, ಲೊಕೇಲುಗಳ, ಎಂದರೆ ಆಯಾ ಭಾಷೆ ದೇಶಗಳ ರೂಢಿಗಳ, ಕೇವಲ ಪಟ್ಟಿಯಾದ ಒಂದು ಕಡತವಿದೆ. ಕಾಂಬೋಡಿಯದ ಖ್ಮೇರ್ ಭಾಷೆಯ ಸಾಲಿನ ಕೆಳಗೆ, ಕೊರಿಯನ್ ಭಾಷೆಯ ಸಾಲುಗಳ ಮೇಲೆ, ‘ಕೆಎನ್_ಐಎನ್’ ಎಂದು ಆರಂಭವಾಗಿ ಯುಟಿಎಫ್-8 ಎಂದು ಮುಗಿಯುವ ಒಂದೇ ಒಂದು ಸಾಲು ಕನ್ನಡದ್ದು. ಅದೇ ಪಟ್ಟಿಯಲ್ಲಿ ಮುಂದೆ ತುಳುವಿಗೂ ಒಂದು ಸಾಲು ಉಂಟು. ಕನ್ನಡದ ಸಾಲಿನ ತುದಿಯಲ್ಲಿರುವ ಓರೆಗೆರೆಯನ್ನು ಯಾರಾದರೂ ಅಜಾಗರೂಕತೆಯಿಂದ ಅಳಿಸಿದರೆ ಪಟ್ಟಿಯು ಅಲ್ಲಿಗೇ ತುಂಡಾಗಿ ಬಿಲ್ಡ್ ನಿಂತುಹೋಗುತ್ತದೆ. ಸಾಲನ್ನೇ ಅಳಿಸಿದರೆ ಬಿಲ್ಡ್ ನಿಲ್ಲದೆ ಸುಸೂತ್ರವಾಗಿ ಮುಗಿದು, ಲೊಕೇಲುಗಳನ್ನೆಲ್ಲ ಒಟ್ಟಾಗಿ ಸ್ಥಾಪಿಸುವಾಗ ಕನ್ನಡವೊಂದು ಮಾತ್ರ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ‘ಹುಂಚ’ ಎಂಬುದು ಓದುವವರ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಹಕಾರ, ಉಕಾರದ ಚಿಹ್ನೆ, ಅನುಸ್ವಾರ, ಚಕಾರ ಎಂದು ನಾಲ್ಕು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟಿನಂತೆ ಹನ್ನೆರಡು ಬೈಟು. ಸ್ಟ್ರಿಂಗ್.ಎಚ್ ಹೆಡರು ಸಾರುವ ಸ್ಟ್ರ್‌ಲೆನ್ ಎಂಬ ಫಂಕ್ಷನ್ನನ್ನು ಕೇಳಿದರೆ ಹನ್ನೆರಡೆಂದು ಹೇಳುತ್ತದೆ. ಕನ್ನಡದ ಲೊಕೇಲನ್ನು ಸ್ಥಾಪಿಸಿ, ಅಗಲ ಅಕ್ಷರಗಳಿಗೆ ಪರಿವರ್ತಿಸುವ ಫಂಕ್ಷನ್ನುಗಳನ್ನು ಕೇಳಿದರೆ ನಾಲ್ಕೆಂದು ಹೇಳುತ್ತದೆ. ಈ ಎರಡು ಬಗೆಯ ಎಣಿಕೆಗಳೂ ತಮ್ಮ ತಮ್ಮ ಹೆಡರುಗಳಲ್ಲಿ ಸ್ವಚ್ಛವಾಗಿ ಪ್ರತ್ಯೇಕವಾಗಿ ನಿಂತಿರುವುದರಿಂದಲೇ ಕನ್ನಡದ ಬರಹವನ್ನು ಕತ್ತರಿಸುವವನು ತಾನು ಬೈಟನ್ನು ಕತ್ತರಿಸುತ್ತಿರುವೆನೋ ಸಂಕೇತವನ್ನು ಕತ್ತರಿಸುತ್ತಿರುವೆನೋ ಎಂಬುದನ್ನು ಅರಿಯಬಲ್ಲನು.

ಇನ್ನು ಕಶ್ಮಲವು ಸೇರುವ ಬಗೆ. ಯಾರೂ ಹೆಡರನ್ನು ಕೆಡಿಸಬೇಕೆಂದು ಕೆಡಿಸುವುದಿಲ್ಲ. ಒಬ್ಬನು ತನಗೆ ಬೇಕಾದ ಒಂದು ಮ್ಯಾಕ್ರೊಗಾಗಿ ಒಂದು ಹೆಡರಿನೊಳಗೆ ಇನ್ನೊಂದನ್ನು ಸೇರಿಸುವನು. ಆ ಇನ್ನೊಂದು ಮತ್ತೊಂದನ್ನು ಎಳೆದುತರುವುದು. ಆಮೇಲೆ ಬಂದವನು ತನಗೆ ಬೇಕಾದುದು ಹೇಗೋ ದೊರೆಯುತ್ತಿದೆಯಲ್ಲ ಎಂದು, ತಾನು ನೇರವಾಗಿ ಸೇರಿಸಬೇಕಾದುದನ್ನು ಸೇರಿಸದೆ ಬಿಡುವನು. ಹತ್ತು ವರ್ಷಗಳ ತರುವಾಯ ನೀವು ಆ ಮೊದಲನೆಯ ಸೇರ್ಪಡೆಯು ಅನಾವಶ್ಯಕವೆಂದು ಕಂಡು ತೆಗೆದುಹಾಕಿದರೆ, ಅದಕ್ಕೂ ನಿಮಗೂ ಸಂಬಂಧವೇ ಇಲ್ಲದ ಯಾವುದೋ ಪ್ರೋಗ್ರಾಮು ಮುರಿದುಬೀಳುವುದು. ಮುರಿದುಬಿದ್ದರೂ ಕ್ಷೇಮವೆನ್ನಬೇಕು, ಮುರಿಯದೆ ತಪ್ಪಾಗಿ ನಡೆಯುವುದುಂಟು.

ದಿನಾಂಕದ ಬರಹವನ್ನು ಓದಿ ಅರ್ಥಮಾಡುವ ಸ್ಟ್ರ್‌ಪಿಟೈಮ್ ಎಂಬ ಫಂಕ್ಷನ್ನು ಇದಕ್ಕೆ ಒಳ್ಳೆಯ ನಿದರ್ಶನ. ಶುದ್ಧ ಸಿ ಪ್ರಮಾಣಕವನ್ನಷ್ಟೇ ಕೇಳಿ ಕಂಪೈಲ್ ಮಾಡಿದಾಗ, ತಕ್ಕ ಮ್ಯಾಕ್ರೊವನ್ನು ಎಲ್ಲ ಹೆಡರುಗಳಿಗಿಂತ ಮೊದಲು ಘೋಷಿಸದಿದ್ದರೆ, ಟೈಮ್.ಎಚ್ ಆ ಫಂಕ್ಷನ್ನನ್ನು ಸಾರುವುದೇ ಇಲ್ಲ. ಹಳೆಯ ಕಂಪೈಲರು ಸಾರದ ಫಂಕ್ಷನ್ನನ್ನು ಕಂಡರೆ, ಇದು ಸಾಧಾರಣ ಪೂರ್ಣಾಂಕವನ್ನು ಹಿಂತಿರುಗಿಸುವುದೆಂದು ತಾನೇ ಊಹಿಸಿ, ಒಂದು ಎಚ್ಚರಿಕೆಯ ಸಾಲನ್ನು ಬರೆದು ಮುಂದುವರಿಯುತ್ತಿತ್ತು. ಆದರೆ ಅದು ಹಿಂತಿರುಗಿಸುವುದು ವಿಳಾಸ. 64 ಬಿಟ್ ಯಂತ್ರದಲ್ಲಿ ಆ ವಿಳಾಸದ ಮೇಲರ್ಧವು ಕತ್ತರಿಸಿಹೋಗಿ, ಪ್ರೋಗ್ರಾಮು ಇನ್ನೆಲ್ಲಿಯೋ ಹೋಗಿ ಬೀಳುತ್ತಿತ್ತು. 1999ರ ಪ್ರಮಾಣಕವೇ ಈ ಊಹೆಯನ್ನು ನಿಷೇಧಿಸಿದರೂ, ಜಿಸಿಸಿ ಕಂಪೈಲರು ಅದನ್ನು ದೋಷವೆಂದು ತಡೆದದ್ದು 2024ರ 14ನೆಯ ಆವೃತ್ತಿಯಲ್ಲಿ. ಆದುದರಿಂದ ಹೆಡರುಗಳನ್ನು ಶುಚಿಗೊಳಿಸುವವರು ಎಚ್ಚರಿಕೆಯ ಸಾಲುಗಳನ್ನು ಒಂದೊಂದನ್ನೂ ಓದತಕ್ಕದ್ದು. ಬಿಲ್ಡ್ ಮುಗಿಯಿತೆಂಬುದು ಯಾವುದಕ್ಕೂ ಪ್ರಮಾಣವಲ್ಲ.

ತೆಗೆಯಬೇಕಾದುದನ್ನು ತೆಗೆಯಲೇಬಾರದೆಂದು ನಾನು ಹೇಳುತ್ತಿಲ್ಲ. ತೆಗೆಯುವುದರಲ್ಲಿ ಒಂದು ಕ್ರಮವಿರಬೇಕೆಂದು ಹೇಳುತ್ತಿದ್ದೇನೆ. ಜಿಲಿಬ್‌ಸಿಯ ಇತಿಹಾಸದಲ್ಲಿ ಈ ಕ್ರಮವನ್ನು ಪಾಲಿಸಿದ ನಿದರ್ಶನವೂ ಉಂಟು, ಪಾಲಿಸದಿದ್ದ ನಿದರ್ಶನವೂ ಉಂಟು. ಸಿಸ್/ಟೈಪ್ಸ್.ಎಚ್ ಎಂಬ, ಎಲ್ಲರೂ ಸೇರಿಸಿಕೊಳ್ಳುವ ಹೆಡರು ಬಹುಕಾಲದಿಂದ ಸಿಸ್/ಸಿಸ್‌ಮ್ಯಾಕ್ರೋಸ್.ಎಚ್ ಎಂಬುದನ್ನು ಒಳಕ್ಕೆ ಎಳೆದುತರುತ್ತಿತ್ತು. ಅದರಲ್ಲಿ ಮೇಜರ್, ಮೈನರ್ ಎಂಬ ಹೆಸರಿನ ಮ್ಯಾಕ್ರೊಗಳಿದ್ದವು. ಇವು ಸಾಧನಗಳ ಸಂಖ್ಯೆಯನ್ನು ಬಿಡಿಸಲು ಬೇಕಾದವು. ಆದರೆ ಆವೃತ್ತಿಯ ಸಂಖ್ಯೆಗಳಿಗೆ ಅದೇ ಹೆಸರುಗಳನ್ನಿಡುವುದು ಪ್ರೋಗ್ರಾಮರುಗಳ ಸಹಜ ರೂಢಿಯಾದುದರಿಂದ, ಸಾಧನಗಳ ಗೊಡವೆಯೇ ಇಲ್ಲದವರ ಬರಹದಲ್ಲಿಯೂ ಈ ಮ್ಯಾಕ್ರೊಗಳು ನುಗ್ಗಿ ಅರ್ಥಗೆಡಿಸುತ್ತಿದ್ದವು. 2017ರ 2.25ನೆಯ ಆವೃತ್ತಿಯಲ್ಲಿ, ಹಾಗೆ ಪರೋಕ್ಷವಾಗಿ ಪಡೆದವರಿಗೆ ಕಂಪೈಲರಿನ ಮೂಲಕ ಎಚ್ಚರಿಕೆ ಕೊಡುವ ಏರ್ಪಾಡನ್ನು ಮಾಡಿದರು, 2018ರ 2.28ನೆಯ ಆವೃತ್ತಿಯಲ್ಲಿ ಆ ಸೇರ್ಪಡೆಯನ್ನು ತೆಗೆದರು. ಆಗಲೂ ಕೆಲವು ಪ್ರೋಗ್ರಾಮುಗಳು ಮುರಿದವೆಂಬುದು ನಿಜ. ಆದರೆ ಅವುಗಳನ್ನು ನೋಡಿಕೊಳ್ಳುವವರಿಗೆ ಒಂದೂವರೆ ವರ್ಷದ ಅವಕಾಶವೂ, ಯಾವ ಹೆಡರನ್ನು ನೇರವಾಗಿ ಸೇರಿಸಬೇಕೆಂಬ ಸ್ಪಷ್ಟವಾದ ಸೂಚನೆಯೂ ದೊರೆತಿದ್ದವು.

ಇದಕ್ಕೆ ವಿರುದ್ಧವಾದುದು ಸನ್ ಆರ್‌ಪಿಸಿ ಹೆಡರುಗಳ ಕಥೆ. ದೂರದ ಯಂತ್ರದ ಫಂಕ್ಷನ್ನನ್ನು ಕರೆಯುವ ಈ ಹಳೆಯ ವ್ಯವಸ್ಥೆಯು ಲೈಬ್ರರಿಯಲ್ಲಿ ಇರಬೇಕಾದುದಿಲ್ಲವೆಂದು 2011ರ 2.14ನೆಯ ಆವೃತ್ತಿಯಲ್ಲಿ ಅದರ ಹೆಡರುಗಳನ್ನು ಒಮ್ಮೆಲೇ ಹಿಂತೆಗೆದರು. ನಿರ್ಣಯವು ತತ್ತ್ವತಃ ಸರಿಯಾಗಿಯೇ ಇತ್ತು. ಆದರೆ ಬಳಸುತ್ತಿದ್ದವರು ಹೋಗಬೇಕಾದ ಬದಲಿ ಸ್ಥಳವು ಇನ್ನೂ ಸಿದ್ಧವಾಗಿರಲಿಲ್ಲ. ವಿತರಣೆಗಳನ್ನು ಸಿದ್ಧಪಡಿಸುವವರು ಆ ಹೆಡರುಗಳನ್ನು ತಮ್ಮ ತಮ್ಮ ಪ್ರತಿಗಳಲ್ಲಿ ಮತ್ತೆ ಸೇರಿಸಿಕೊಂಡರು; 2012ರಲ್ಲಿ ಲೈಬ್ರರಿಯೇ ಅವನ್ನು ಒಂದು ಐಚ್ಛಿಕ ಸೌಲಭ್ಯವಾಗಿ ಹಿಂದಕ್ಕೆ ತರಬೇಕಾಯಿತು; ಟಿಐಆರ್‌ಪಿಸಿ ಎಂಬ ಪ್ರತ್ಯೇಕ ಲೈಬ್ರರಿಗೆ ಎಲ್ಲರೂ ಸರಿದಮೇಲೆ, 2020ರ 2.32ನೆಯ ಆವೃತ್ತಿಯಲ್ಲಿ ಅವು ನಿಜವಾಗಿ ಹೋದವು. ಒಂದೇ ಏಟಿಗೆ ಮಾಡಿದ ಕೆಲಸವು ಪೂರ್ಣವಾಗಲು ಒಂಬತ್ತು ವರ್ಷ ಹಿಡಿಯಿತು. ಇದರಿಂದ ಅವರು ಕಲಿತರೆಂಬುದಕ್ಕೆ ಸಾಕ್ಷಿಯೂ ಇದೆ: 2021ರ 2.34ನೆಯ ಆವೃತ್ತಿಯಲ್ಲಿ ಪಿಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಕ್ಕೆ ವಿಲೀನಗೊಳಿಸಿದಾಗ, ‘ಎಲ್‌ಪಿಥ್ರೆಡ್’ ಎಂಬ ಸೂಚನೆಯನ್ನು ಹೊತ್ತು ಜಗತ್ತಿನಲ್ಲೆಲ್ಲ ಬಿದ್ದಿರುವ ಹಳೆಯ ಮೇಕ್‌ಫೈಲುಗಳು ಕೆಡಬಾರದೆಂದು, ಒಳಗೆ ಏನೂ ಇಲ್ಲದ ಒಂದು ಖಾಲಿ ಆರ್ಕೈವ್ ಕಡತವನ್ನು ಅದೇ ಹೆಸರಿನಲ್ಲಿ ಉಳಿಸಿದರು. ಆ ಖಾಲಿ ಕಡತವನ್ನು ಕಂಡು, ಇದು ವ್ಯರ್ಥವೆಂದು ಅಳಿಸಹೊರಡುವವನು ಶುಚಿತ್ವವನ್ನು ಅರಿತವನಲ್ಲ.

ಏಕರೂಪತೆಯ ವ್ಯಾಮೋಹವನ್ನು ಕುರಿತು ಒಂದು ಮಾತು. ನಮ್ಮಂಥವರಿಗೆ ಒಂದೇ ಸಂಗತಿಯನ್ನು ಎರಡೆಡೆ ಬರೆದಿರುವುದನ್ನು ಕಂಡರೆ ಒಂದಾಗಿಸುವ ತನಕ ಸಮಾಧಾನವಿಲ್ಲ; ಅದು ಸದ್ಗುಣವೇ ಹೌದು. ಲಿನಕ್ಸಿನ ಒಂದೊಂದು ಪ್ರೊಸೆಸರ್ ಬಗೆಗೂ ಒಂದೊಂದು ಪ್ರತಿಯಾಗಿದ್ದ ಎಫ್‌ಸಿಎನ್‌ಟಿಎಲ್ ಹೆಡರನ್ನು, ಸಾಮಾನ್ಯವಾದುದೆಲ್ಲವೂ ಒಂದೆಡೆ ಇದ್ದು ವ್ಯತ್ಯಾಸವಿರುವಲ್ಲಿ ಮಾತ್ರ ಆಯಾ ಬಗೆಯು ತನ್ನ ಅಂಕಿಯನ್ನು ಮೊದಲೇ ಹೇಳುವಂತೆ ತಿದ್ದಿದುದು ಅತ್ಯಂತ ಶ್ಲಾಘ್ಯವಾದ ಕಾರ್ಯ. ಆದರೆ ಆ ವ್ಯತ್ಯಾಸಗಳನ್ನು ಸ್ವಲ್ಪ ಹತ್ತಿರದಿಂದ ನೋಡಿರಿ. ಡೆಸ್ಕ್‌ಟಾಪುಗಳ ಎಕ್ಸ್86 ಬಗೆಯಲ್ಲಿ ಅಷ್ಟಕ ಪದ್ಧತಿಯ 040000 ಎಂಬ ಅಂಕಿಗೆ, ಕರ್ನೆಲ್ಲಿನ ಸ್ಮೃತಿಯಲ್ಲಿ ಪ್ರತಿಯಿಡದೆ ನೇರವಾಗಿ ಡಿಸ್ಕಿಗೆ ಬರೆ ಎಂಬ ಅರ್ಥ. 0200000 ಎಂಬುದಕ್ಕೆ, ಡೈರೆಕ್ಟರಿಯಾಗಿದ್ದರೆ ಮಾತ್ರ ತೆರೆ ಎಂಬ ಅರ್ಥ. ನಮ್ಮ ಕೈಯ ಫೋನುಗಳಲ್ಲಿರುವ ಆರ್ಮ್ ಬಗೆಯಲ್ಲಿ ಈ ಎರಡು ಅಂಕಿಗಳು ಅದಲುಬದಲಾಗಿವೆ. ಎರಡು ಕಡತಗಳಲ್ಲಿಯೂ ಅವೇ ಹೆಸರುಗಳು, ಅವೇ ಅಂಕಿಗಳು. ಜೋಡಣೆ ಮಾತ್ರ ಬೇರೆ. ಯಾರೋ ಹಿಂದೆ ನಕಲು ಮಾಡುವಾಗ ತಪ್ಪಿರಬೇಕೆಂದು ಭಾವಿಸಿ ಇದನ್ನು ‘ಸರಿಪಡಿಸಿದ’ ಉತ್ಸಾಹಿಯು, ಡೈರೆಕ್ಟರಿಯನ್ನು ತೆರೆಯಹೊರಟ ಪ್ರತಿಯೊಂದು ಪ್ರೋಗ್ರಾಮನ್ನೂ ಆರ್ಮ್ ಯಂತ್ರಗಳಲ್ಲಿ ಹಾಳುಮಾಡುವನು. ತನ್ನ ಮೇಜಿನ ಮೇಲಣ ಯಂತ್ರದಲ್ಲಿ ಎಲ್ಲ ಪರೀಕ್ಷೆಗಳೂ ತೇರ್ಗಡೆಯಾದುದನ್ನು ಕಂಡು ಸಂತೋಷವನ್ನೂ ಪಡುವನು. ಒಂದೇ ಆಗಿ ಕಾಣುವುದನ್ನೆಲ್ಲ ಒಂದೆಂದು ತಿಳಿಯದೆ, ಅದು ಹಾಗಿರಲು ಕಾರಣವೇನೆಂದು ಕರ್ನೆಲ್ಲಿನ ಹೆಡರುಗಳನ್ನೂ ಹಳೆಯ ಕಮಿಟ್ ಸಂದೇಶಗಳನ್ನೂ ತೆರೆದು ನೋಡಿ.

ಮ್ಯಾಕ್ರೊಗಳ ವಿಷಯದಲ್ಲಿಯೂ ಇಂಥದೇ ಜಾಗರೂಕತೆ ಅಗತ್ಯ. ಹೆಸರನ್ನು ತಪ್ಪಾಗಿ ಬರೆದ ಮ್ಯಾಕ್ರೊವನ್ನು ‘ಇಫ್’ ಸಾಲಿನಲ್ಲಿ ಕೇಳಿದರೆ ಸಿ ಭಾಷೆಯು ಅದನ್ನು ಸೊನ್ನೆಯೆಂದು ಭಾವಿಸಿ ಮೌನವಾಗಿ ಮುಂದೆ ಹೋಗುತ್ತದೆ. 2014ರ ಸುಮಾರಿಗೆ ಜಿಲಿಬ್‌ಸಿಯವರು ‘ಡಬ್ಲ್ಯು-ಅನ್‌ಡೆಫ್’ ಎಂಬ ಎಚ್ಚರಿಕೆಯನ್ನು ತಮ್ಮ ಬಿಲ್ಡಿನಲ್ಲಿ ಜಾರಿಗೆ ತಂದು, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ ಎಂಬ ಬಗೆಯ ಮ್ಯಾಕ್ರೊಗಳನ್ನು, ಯಾವಾಗಲೂ ಒಂದು ಅಥವಾ ಸೊನ್ನೆ ಎಂದು ಸ್ಪಷ್ಟವಾಗಿ ಘೋಷಿಸುವ ಬಗೆಗೆ ತಿರುಗಿಸುತ್ತ ಬಂದರು. ಹೊರಗಿನವರ ಕಣ್ಣಿಗೆ ಬೀಳದ ಈ ಪರಿಶ್ರಮವು ನನ್ನ ದೃಷ್ಟಿಯಲ್ಲಿ ಆ ದಶಕದ ಅತ್ಯುತ್ತಮ ಕಾರ್ಯಗಳಲ್ಲೊಂದು. ಹಾಗೆಯೇ, ಮೇಕ್‌ಫೈಲಿನಲ್ಲಿ ಕುಳಿತಿರುವ ಒಂದು ‘ಡಿ’ ಸೂಚನೆಯನ್ನು ಹೆಡರಿನಿಂದ ಬೇರೆಯೆಂದು ಎಣಿಸಬೇಡಿ. 32 ಬಿಟ್ ಯಂತ್ರಗಳಲ್ಲಿ ಕಾಲಗಣನೆಯು 2038ರ ಜನವರಿ 19ರಂದು, ನಮ್ಮ ಗಡಿಯಾರದ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತನ್ನ ಮಿತಿಯನ್ನು ಮುಟ್ಟುವುದರಿಂದ, 2.34ನೆಯ ಆವೃತ್ತಿಯು ಕಾಲವನ್ನು 64 ಬಿಟ್ಟಿನಲ್ಲಿ ಅಳೆಯುವ ಅನುಕೂಲವನ್ನು ಒಂದು ಮ್ಯಾಕ್ರೊದ ಮೂಲಕ ಒದಗಿಸಿದೆ. ಯಾವ ಸಿ ಕಡತದಲ್ಲಿಯೂ ಕಾಣಿಸದ ಆ ಮ್ಯಾಕ್ರೊವನ್ನು, ಬಳಕೆಯಲ್ಲಿಲ್ಲವೆಂದು ಬಗೆದು ಮೇಕ್‌ಫೈಲಿನಿಂದ ಕಿತ್ತುಹಾಕಿದರೆ ಒಂದು ದೋಷಸಂದೇಶವೂ ಬರುವುದಿಲ್ಲ. ಸ್ಟ್ರಕ್ಚರುಗಳ ಗಾತ್ರವೇ ಬದಲಾಗಿ, ಅದರೊಡನೆ ಸೇರಬೇಕಾದ ಬೇರೊಂದು ಲೈಬ್ರರಿಯು ಅದೇ ಸ್ಮೃತಿಯನ್ನು ಬೇರೆ ಅಳತೆಯಲ್ಲಿ ಓದತೊಡಗುತ್ತದೆ.

ಬಿಲ್ಡ್ ಕಡತಗಳ ಶುಚಿತ್ವವು ನಮ್ಮ ಸೀಮೆಯವರಿಗೆ ಇನ್ನಾರಿಗಿಂತಲೂ ಹೆಚ್ಚು ಬೇಕಾದುದೆಂಬುದು ನನ್ನ ನಂಬಿಕೆ. ಜೂನ್ ತಿಂಗಳಿಂದ ಮುಂದೆ ಇಲ್ಲಿ ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುವುದೆಂದು ಹೇಳುವವರಿಲ್ಲ. ಯುಪಿಎಸ್ಸಿನ ಬ್ಯಾಟರಿ ಇಳಿಯುವುದರೊಳಗೆ ಇಡೀ ಲೈಬ್ರರಿಯ ಬಿಲ್ಡ್ ಮುಗಿದೀತೆಂಬ ಭರವಸೆಯಿಲ್ಲ. ಬೆಲ್ ಪ್ರಯೋಗಾಲಯದಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ನರು 1976ರಲ್ಲಿ ರಚಿಸಿದ ಮೇಕ್ ಎಂಬ ಸಾಧನವು ನಂಬುವುದು ಕಡತಗಳ ಕಾಲಮುದ್ರೆಯನ್ನು ಮಾತ್ರ. ಒಂದು ಹೆಡರನ್ನು ಉತ್ಪಾದಿಸುತ್ತಿರುವಾಗ ನಡುವೆ ಯಂತ್ರವು ಆರಿಹೋದರೆ, ಅರ್ಧ ಬರೆದ ಕಡತಕ್ಕೂ ಹೊಸ ಕಾಲಮುದ್ರೆಯೇ ಇರುವುದರಿಂದ, ಮರಳಿ ಆರಂಭಿಸಿದಾಗ ಮೇಕ್ ಅದನ್ನು ಪೂರ್ಣವೆಂದು ಎಣಿಸುತ್ತದೆ. ಜಿಲಿಬ್‌ಸಿಯ ಮೇಕ್‌ರೂಲ್ಸ್ ಕಡತವನ್ನು ತೆರೆದು ನೋಡಿದರೆ, ಉತ್ಪಾದಿಸುವ ಕಡತಗಳನ್ನು ಮೊದಲು ಹೆಸರಿನ ಕೊನೆಗೊಂದು ‘ಟಿ’ ಸೇರಿಸಿದ ತಾತ್ಕಾಲಿಕ ಕಡತದಲ್ಲಿ ಬರೆದು, ಪೂರ್ಣವಾದಮೇಲೆ ಮಾತ್ರ ನಿಜನಾಮಕ್ಕೆ ಬದಲಿಸುವ ಪದ್ಧತಿಯು ಕಾಣುತ್ತದೆ. ನಿಮ್ಮ ಮೇಕ್‌ಫೈಲುಗಳಲ್ಲಿ ಈ ಪದ್ಧತಿಯಿಲ್ಲದಿದ್ದರೆ ಮೊದಲು ಅದನ್ನು ತನ್ನಿರಿ. ಅದರ ಜೊತೆಗೇ ‘ಮೂವ್-ಇಫ್-ಚೇಂಜ್’ ಎಂಬ ಚಿಕ್ಕ ಸ್ಕ್ರಿಪ್ಟೂ ಇದೆ. ಹೊಸದಾಗಿ ಉತ್ಪಾದಿಸಿದ ಹೆಡರು ಹಳೆಯದಕ್ಕೆ ಸಮನಾಗಿದ್ದರೆ ಅದು ಹಳೆಯದನ್ನೇ ಕಾಲಮುದ್ರೆಸಹಿತ ಉಳಿಸುವುದರಿಂದ, ಅದನ್ನು ನೆಚ್ಚಿದ ನೂರಾರು ಕಡತಗಳು ವೃಥಾ ಮತ್ತೆ ಕಂಪೈಲಾಗುವುದು ತಪ್ಪುತ್ತದೆ.

ಹೆಡರೊಂದನ್ನು ಅಳಿಸಿದ ಮರುಕ್ಷಣವೇ ಎದುರಾಗುವ ಇನ್ನೊಂದು ಕಿರುಕುಳವು ನಿಮಗೆ ಪರಿಚಿತವಾದುದೇ. ಹಿಂದಿನ ಬಿಲ್ಡ್ ಬಿಟ್ಟುಹೋದ ಅವಲಂಬನೆಯ ಕಡತದಲ್ಲಿ ಅಳಿದ ಹೆಡರಿನ ಹೆಸರು ಉಳಿದಿದ್ದು, ಅದನ್ನು ಮಾಡುವ ನಿಯಮವಿಲ್ಲವೆಂದು ಮೇಕ್ ಮುಷ್ಕರ ಹೂಡುತ್ತದೆ. ಕಾರಣವರಿಯದವರು ಎಲ್ಲವನ್ನೂ ಅಳಿಸಿ ಮೊದಲಿಂದ ಕಟ್ಟತೊಡಗುತ್ತಾರೆ. ಕಂಪೈಲರಿಗೆ ‘ಎಂಪಿ’ ಎಂಬ ಸೂಚನೆಯನ್ನು ಕೊಟ್ಟಿದ್ದರೆ ಅದು ಪ್ರತಿ ಹೆಡರಿಗೂ ಒಂದು ಬರಿದಾದ ನಿಯಮವನ್ನು ಬರೆದಿಡುವುದರಿಂದ ಈ ತೊಂದರೆಯೇ ಬಾರದು. ಪಟ್ಟಿಗಳ ವಿಷಯವನ್ನೂ ಹೇಳಿಬಿಡುವೆನು: 2023ರಲ್ಲಿ ಜಿಲಿಬ್‌ಸಿಯ ಮೇಕ್‌ಫೈಲುಗಳಲ್ಲಿ ಉದ್ದುದ್ದ ಸಾಲುಗಳಾಗಿದ್ದ ಕಡತಗಳ ಹೆಸರುಗಳನ್ನು ಸಾಲಿಗೊಂದರಂತೆ ಬಿಡಿಸಿ, ಅಕಾರಾದಿಯಾಗಿ ಜೋಡಿಸಿ, ಆ ಜೋಡಣೆಯನ್ನು ಮಾಡಲು ಒಂದು ಸ್ಕ್ರಿಪ್ಟನ್ನೂ ಇಟ್ಟರು. ಅಂದಿನಿಂದ ಇಬ್ಬರು ಬೇರೆ ಬೇರೆ ಪರೀಕ್ಷೆಗಳನ್ನು ಸೇರಿಸಿದಾಗ ಒಬ್ಬರ ಸಾಲು ಇನ್ನೊಬ್ಬರದರೊಡನೆ ಘರ್ಷಿಸುವುದು ಬಹುಮಟ್ಟಿಗೆ ಕಡಿಮೆಯಾಯಿತು.

ಪ್ರಮಾಣಸಹಿತವಾಗಿ ಮಾಡಬೇಕೆಂದು ಮೊದಲೇ ಹೇಳಿದೆನಷ್ಟೆ. ಶುಚಿಗೊಳಿಸುವ ಕೆಲಸಕ್ಕೆ ಬೇರಾವ ಕೆಲಸಕ್ಕೂ ಇಲ್ಲದ ಒಂದು ಅನುಕೂಲವಿದೆ: ಫಲಿತಾಂಶವು ಬದಲಾಗಬಾರದೆಂಬುದೇ ಇಲ್ಲಿನ ಗುರಿಯಾದುದರಿಂದ, ಬದಲಾಗಿಲ್ಲವೆಂಬುದನ್ನು ತೋರಿಸಿಕೊಡಲು ಸಾಧ್ಯ. ತಿದ್ದುವ ಮೊದಲಿನ ಲೈಬ್ರರಿಯನ್ನೂ ತಿದ್ದಿದ ಮೇಲಿನದನ್ನೂ ಕಟ್ಟಿ, ಡಿಬಗ್ ಮಾಹಿತಿಯನ್ನು ಸ್ಟ್ರಿಪ್ ಮಾಡಿ, ಬೈಟಿಗೆ ಬೈಟಾಗಿ ಹೋಲಿಸಿರಿ. ಆಗಲೂ ಅಲ್ಲಲ್ಲಿ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಅಸರ್ಟ್ ಎಂಬ ಮ್ಯಾಕ್ರೊ ತಾನಿರುವ ಸಾಲಿನ ಸಂಖ್ಯೆಯನ್ನು ಯಂತ್ರಸಂಕೇತದೊಳಗೇ ಬರೆಯುವುದರಿಂದ, ಮೇಲಿನ ಒಂದು ಸಾಲನ್ನು ಅಳಿಸಿದರೆ ಕೆಳಗಿನ ಅಸರ್ಟುಗಳೆಲ್ಲವುಗಳ ಅಂಕಿಯೂ ಒಂದೊಂದು ಕಡಿಮೆಯಾಗುವುದು. ಅಂಥ ವ್ಯತ್ಯಾಸವನ್ನು ಒಂದೊಂದಾಗಿ ಪರಿಶೀಲಿಸಿ, ಇದು ಅದೇ ಎಂದು ಮನಗಂಡು, ಕಮಿಟ್ ಸಂದೇಶದಲ್ಲಿ ಬರೆಯಿರಿ. ಯಾವ ಯಾವ ಪ್ರೊಸೆಸರ್ ಬಗೆಗಳಿಗೆ ಕಟ್ಟಿ ನೋಡಿದಿರೆಂಬುದನ್ನೂ ಬರೆಯಿರಿ. ಓದುವವರಿಗೆ ನಿಮ್ಮ ಮಾತನ್ನು ನಂಬುವ ಹೊರೆಯು ಆಗ ಉಳಿಯುವುದಿಲ್ಲ.

ಅಲ್ಪಾಲ್ಪವಾಗಿ ಎಂದುದಕ್ಕೂ ಕಾರಣವಿದೆ. ಲಿನಕ್ಸ್ ಕರ್ನೆಲ್ಲಿನ ಹೆಡರುಗಳ ಸಿಕ್ಕನ್ನು ಬಿಡಿಸಲು ಇಂಗೊ ಮೋಲ್ನಾರ್ ಎಂಬ ಅನುಭವಿಯು ಒಂದು ವರ್ಷಕ್ಕೂ ಮೀರಿ ಶ್ರಮಿಸಿ, 2022ರ ಜನವರಿಯಲ್ಲಿ 2,297 ಪ್ಯಾಚುಗಳ ಒಂದು ಮಹಾಸರಣಿಯನ್ನು ಮುಂದಿಟ್ಟರು. ಬಿಲ್ಡಿನ ವೇಗವು ಬಹಳವಾಗಿ ಹೆಚ್ಚುವುದೆಂದು ಅಳತೆಗಳಿಂದ ತೋರಿಸಿದರು, ಎಲ್ಲರೂ ಮೆಚ್ಚಿದರು. ಆದರೂ ಅಷ್ಟನ್ನೂ ಓದಿ ಒಪ್ಪುವ ಶಕ್ತಿ ಯಾವ ಸಮುದಾಯಕ್ಕುಂಟು? ಸರಣಿಯು ಇಡಿಯಾಗಿ ಸೇರಲಿಲ್ಲ. ಅದರ ಅಂಶಗಳು ಬಿಡಿಬಿಡಿಯಾಗಿ ಒಳಹೋದವು. ಅವರ ಸಾಮರ್ಥ್ಯದ ವಿಷಯದಲ್ಲಿ ನನಗೆ ಅಪಾರ ಗೌರವವಿದೆ; ಆದರೆ ಒಂದು ಪ್ಯಾಚಿನಲ್ಲಿ ಒಂದೇ ಹೆಡರು, ಒಂದೇ ಕಾರಣ ಎಂಬ ನಿಯಮವನ್ನು ನೀವು ಇಟ್ಟುಕೊಂಡರೆ ನಿಮ್ಮ ಶ್ರಮವು ಸಾರ್ಥಕವಾಗುವುದು ಬೇಗ.

ಕಚೇರಿಗಳಲ್ಲಿ ತಂಡಗಳನ್ನು ನಡೆಸುತ್ತಿರುವ ನಮ್ಮವರು ನಿಮ್ಮಲ್ಲಿಯೇ ಹಲವರಿದ್ದೀರಿ. ನಿಮ್ಮ ಕೈಕೆಳಗಿನ ಹುಡುಗನೊಬ್ಬನು ತಿಂಗಳೊಂದರಲ್ಲಿ ಒಂದು ಸಾಲನ್ನೂ ಹೊಸದಾಗಿ ಬರೆಯದೆ, ನೂರಾರು ಸಾಲುಗಳನ್ನು ಅಳಿಸಿ, ಏನೂ ಬದಲಾಗಿಲ್ಲವೆಂದು ಸಾಧಿಸಿ ತೋರಿಸಿದರೆ, ಅದನ್ನು ಅವನ ಅಪ್ರೈಸಲ್ಲಿನಲ್ಲಿ ಬರೆಯುವುದು ನಿಮ್ಮ ಕರ್ತವ್ಯ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಸಿ ಭಾಷೆಯನ್ನು ಬೋಧಿಸುತ್ತಿರುವ ಅಧ್ಯಾಪಕರಲ್ಲಿಯೂ ನನ್ನದೊಂದು ಬಿನ್ನಹ: ಹೆಡರನ್ನು ಪ್ರೋಗ್ರಾಮಿನ ನೆತ್ತಿಯ ಮೇಲೆ ಕಣ್ಣುಮುಚ್ಚಿ ಬರೆಯುವ ಮಂತ್ರವಾಗಿ ಕಲಿಸದೆ, ಒಂದು ದಿನವಾದರೂ ಆ ಕಡತವನ್ನು ತೆರೆಸಿ, ‘ಬಿಟ್ಸ್’ ಡೈರೆಕ್ಟರಿಯ ಹೆಡರುಗಳಲ್ಲಿ ಇದನ್ನು ನೇರವಾಗಿ ಸೇರಿಸಕೂಡದೆಂದು ಬರೆದಿರುವ ಸಾಲನ್ನು ಓದಿಸಿರಿ.

ತರುಣರಿಗೆ ಹೇಳುವುದಿಷ್ಟು. ಹಿಂದೆ ಜಿಲಿಬ್‌ಸಿಗೆ ಗಣನೀಯವಾದ ಪ್ಯಾಚೊಂದನ್ನು ಕೊಡಬೇಕಾದರೆ ಕೃತಿಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಪತ್ರಮುಖೇನ ಒಪ್ಪಿಸಬೇಕಾಗಿತ್ತು, ಉದ್ಯೋಗ ಕೊಟ್ಟವರ ಸಹಿಯೂ ಬೇಕಾಗುತ್ತಿತ್ತು. ಅನೇಕರ ಉತ್ಸಾಹವು ಅಲ್ಲಿಯೇ ತಣ್ಣಗಾಗುತ್ತಿತ್ತು. 2021ರ ಆಗಸ್ಟಿನಿಂದ ಅದು ಕಡ್ಡಾಯವಲ್ಲ. ಇದು ನನ್ನದು, ಕೊಡಲು ನನಗೆ ಹಕ್ಕಿದೆ ಎಂದು ಸಾರುವ ‘ಸೈನ್ಡ್-ಆಫ್-ಬೈ’ ಸಾಲನ್ನು ಪ್ಯಾಚಿನ ಕೆಳಗೆ ಬರೆದರೂ ಸಾಕು. ನಿಮ್ಮ ಕಚೇರಿಯ ಪ್ರತಿಯಲ್ಲಿ ಮಾಡಿಟ್ಟುಕೊಂಡಿರುವ ತಿದ್ದುಪಡಿಗಳಲ್ಲಿ ಎಲ್ಲರಿಗೂ ಸಲ್ಲತಕ್ಕವು ಯಾವುವೆಂದು ನೋಡಿ, ಮೇಲಿನವರ ಒಪ್ಪಿಗೆ ಪಡೆದು, ಮೂಲಕ್ಕೆ ಕಳುಹಿಸಿರಿ. ಹೊಸಬರು ಲೊಕೇಲ್‌ಡೇಟಾದ ಕನ್ನಡದ ಕಡತದಿಂದ ಆರಂಭಿಸಬಹುದು. ತಿಂಗಳುಗಳ ಹೆಸರು, ವಾರಗಳ ಹೆಸರು, ಅಂಕಿಗಳ ವಿಭಾಗ ಇವನ್ನು ತಿದ್ದಲು ಕನ್ನಡವನ್ನು ಬಲ್ಲವರೇ ಬೇಕು. ಲೈಬ್ರರಿಯು ವರ್ಷಕ್ಕೆ ಎರಡಾವೃತ್ತಿ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳ ಆರಂಭದ ಆಸುಪಾಸಿನಲ್ಲಿ ಬಿಡುಗಡೆಯಾಗುತ್ತದೆ. ಅದಕ್ಕೆ ಮುಂಚಿನ ತಿಂಗಳು ಎಲ್ಲರೂ ದೋಷಗಳನ್ನು ತಿದ್ದುವುದರಲ್ಲಿ ಮುಳುಗಿರುವುದರಿಂದ ಶುಚಿಗೊಳಿಸುವ ಪ್ಯಾಚುಗಳನ್ನು ಓದಲು ಯಾರಿಗೂ ಬಿಡುವಿರುವುದಿಲ್ಲ. ಬಿಡುಗಡೆಯಾದ ಮರುವಾರದಲ್ಲಿ ಕಳುಹಿಸಿರಿ.

ಇತಿ,
ನಿಮ್ಮ ಊರಿನವನೇ ಆದ,
ಹುಂಚದ ಒಬ್ಬ ಹಿರಿಯ